ಅನಶನಕ್ಕೆ ಮೆರವಣಿಗೆ, ಅವಮೌದರ್ಯಕ್ಕೆ ಮೌನ

ಆಹಾರದ ವಿಷಯದಲ್ಲಿ ಜೈನಸಮಾಜವು ಹೆಮ್ಮೆಪಡುವುದು ಅನುಚಿತವೇನೂ ಅಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗ, ಪಂಚೋದುಂಬರಗಳ ವರ್ಜನೆ, ಕಂದಮೂಲಗಳ ನಿಷೇಧ, ಸೋಸಿದ ನೀರಿನ ಬಳಕೆ, ಸೂರ್ಯಾಸ್ತಕ್ಕೆ ಮುನ್ನ ಭೋಜನ. ತುತ್ತು ಎತ್ತುವ ಮನುಷ್ಯನಿಗೆ ಇಷ್ಟು ಸೂಕ್ಷ್ಮವಾದ ಶಿಸ್ತನ್ನು ವಿಧಿಸಿದ ಧರ್ಮಗಳು ವಿರಳ. ಆದರೆ ಹೆಮ್ಮೆಯು ಎಚ್ಚರವನ್ನು ಮರೆಸಿದರೆ ಅದೇ ಪ್ರಮಾದವಾಗುತ್ತದೆ. ಪ್ರಮಾದವೇ ಹಿಂಸೆಯ ಮೂಲವೆಂದು ಸಾರಿದ ಧರ್ಮದ ಅನುಯಾಯಿಗಳು ತಮ್ಮ ಒಡಲಿನ ವಿಷಯದಲ್ಲಿಯೇ ಪ್ರಮತ್ತರಾಗಿರುವುದು ಇಂದಿನ ವಿಪರ್ಯಾಸ.

ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಮಲಬದ್ಧತೆ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಯಕೃತ್ತಿನಲ್ಲಿ ಕೊಬ್ಬು - ಇವು ಇಂದು ಶ್ರಾವಕರ ಮನೆಗಳಲ್ಲಿ ಅಪರಿಚಿತ ಶಬ್ದಗಳಲ್ಲ. ಆಮ್ಲವನ್ನು ತಗ್ಗಿಸುವ ಮಾತ್ರೆಯ ಪಟ್ಟಿ ಅನೇಕ ಮನೆಗಳಲ್ಲಿ ಜಪಮಣಿಯಷ್ಟೇ ಕೈಗೆಟಕುವಂತಿರುತ್ತದೆ. ಮಾಂಸವನ್ನು ಮುಟ್ಟದ, ಮದ್ಯವನ್ನು ಕಾಣದ, ಈರುಳ್ಳಿ ಬೆಳ್ಳುಳ್ಳಿಗಳನ್ನೂ ಒಲ್ಲದ ಕುಟುಂಬಕ್ಕೆ ಈ ವ್ಯಾಧಿಗಳು ಏಕೆ ಬಂದವು ಎಂಬ ಪ್ರಶ್ನೆಯನ್ನು ಸಮಾಜವು ಕೇಳಿಕೊಳ್ಳಬೇಕಾಗಿದೆ. ಉತ್ತರ ಕಠಿಣವಾಗಿದೆ: ತಟ್ಟೆಯಿಂದ ಏನನ್ನು ತೆಗೆಯಬೇಕೆಂಬುದನ್ನು ಸಮಾಜವು ನೆನಪಿನಲ್ಲಿಟ್ಟುಕೊಂಡಿತು; ತಟ್ಟೆಯಲ್ಲಿ ಏನು ಉಳಿದಿದೆ, ಎಷ್ಟು ಉಳಿದಿದೆ, ಯಾವ ಹೊತ್ತಿಗೆ ಉಳಿದಿದೆ ಎಂಬುದನ್ನು ಮರೆಯಿತು.

ಬಿಟ್ಟದ್ದರ ಲೆಕ್ಕ, ಉಂಡದ್ದರ ಮರೆವು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಬಾಹ್ಯತಪಸ್ಸನ್ನು ಆರು ವಿಧವಾಗಿ ಎಣಿಸುತ್ತದೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಅನಶನವೆಂದರೆ ಉಪವಾಸ. ಅವಮೌದರ್ಯವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ ಮೂವತ್ತೆರಡು ಕವಳ, ಸ್ತ್ರೀಯದು ಇಪ್ಪತ್ತೆಂಟು ಕವಳ ಎಂದು ಲೆಕ್ಕವಿಟ್ಟು, ಅದರಲ್ಲಿ ಕೆಲವನ್ನು ಬಿಟ್ಟು ಏಳುವುದು. ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪು ಎಂಬ ರಸಗಳಲ್ಲಿ ಒಂದನ್ನೋ ಹಲವನ್ನೋ ತೊರೆಯುವುದು.

ಈ ತಪಸ್ಸುಗಳಲ್ಲಿ ಸಮಾಜವು ಆಯ್ದುಕೊಂಡದ್ದು ಯಾವುದನ್ನು? ಎಂಟು ದಿನ, ಹತ್ತು ದಿನ ಉಪವಾಸ ಮಾಡಿದವರಿಗೆ ಮೆರವಣಿಗೆ ಇದೆ, ಶಾಲು ಹೊದಿಸುವ ಸಮಾರಂಭವಿದೆ, ಪತ್ರಿಕೆಯಲ್ಲಿ ಭಾವಚಿತ್ರವಿದೆ. ಉಪವಾಸಿಗಳ ಸ್ಥೈರ್ಯವನ್ನು ಗೌರವಿಸುವುದು ಯುಕ್ತವೇ. ಆದರೆ ಮೂರು ಹೋಳಿಗೆ ತಿನ್ನಬಲ್ಲವನು ಒಂದಕ್ಕೆ ಕೈಯೆತ್ತಿ ಸಾಕೆಂದರೆ ಅವನಿಗೆ ಶಾಲು ಹೊದಿಸಿದವರಿಲ್ಲ. ವರ್ಷವಿಡೀ ಎಣ್ಣೆಯನ್ನು ಅರ್ಧಕ್ಕಿಳಿಸಿದ ಗೃಹಿಣಿಯ ಭಾವಚಿತ್ರ ಎಲ್ಲಿಯೂ ಅಚ್ಚಾಗುವುದಿಲ್ಲ. ಉಪವಾಸವು ವರ್ಷದಲ್ಲಿ ಕೆಲವೇ ದಿನಗಳ ತಪಸ್ಸು. ಅವಮೌದರ್ಯ ಉಳಿದ ಮುನ್ನೂರೈವತ್ತು ದಿನಗಳ ತಪಸ್ಸು. ಜೀರ್ಣಾಂಗಗಳಿಗೆ ಸಂಬಂಧಿಸಿದ್ದು ಆ ಮುನ್ನೂರೈವತ್ತು ದಿನಗಳೇ.

ಇಂದು ಅಂಗಡಿಯ ಪೊಟ್ಟಣದ ಮೇಲೆ, ಮದುವೆ ಮಂಟಪದ ಫಲಕದ ಮೇಲೆ 'ಜೈನ್' ಎಂಬ ಶಬ್ದ ರಾರಾಜಿಸುತ್ತದೆ. ಜೈನ್ ಪಾವ್‌ಭಾಜಿ, ಜೈನ್ ಪಿಜ್ಜಾ, ಜೈನ್ ಚಿವಡಾ. ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದರೆ ಧರ್ಮಪಾಲನೆ ಮುಗಿಯಿತೆಂಬ ಭಾವನೆ. ಆ ಶಬ್ದವು ಪದಾರ್ಥದಲ್ಲಿ ಏನಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ. ಒಳಗಿರುವ ಮೈದಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಹಿಡಿಯುಪ್ಪು, ಸಕ್ಕರೆ ಇವುಗಳ ಬಗೆಗೆ ಅದು ತುಟಿ ಬಿಚ್ಚುವುದಿಲ್ಲ. ರಸಪರಿತ್ಯಾಗವನ್ನು ಬೋಧಿಸಿದ ಧರ್ಮದ ಹೆಸರಿನಲ್ಲಿ ರಸಗಳೆಲ್ಲವನ್ನೂ ಒಂದೇ ಪೊಟ್ಟಣದಲ್ಲಿ ತುಂಬಿ ಮಾರಲಾಗುತ್ತಿದೆ.

ಅಸ್ತಮಾನದ ನಂತರದ ಪಂಕ್ತಿ

ಅನಸ್ತಮಿತ ವ್ರತವು ಶ್ರಾವಕನ ಗುರುತು. ಹೊಟ್ಟೆ ತುಂಬಿ ಮಲಗಬಾರದೆಂಬ ವೈದ್ಯಕೀಯ ವಿವೇಕ ಈ ವ್ರತದಿಂದ ಅನಾಯಾಸವಾಗಿ ಪಾಲನೆಯಾಗುತ್ತದೆ. ಅನ್ನನಾಳವು ಜಠರವನ್ನು ಕೂಡುವಲ್ಲಿ ಒಂದು ಸ್ನಾಯುವಿನ ಬಿಗಿತವಿದೆ. ಅದು ಸಡಿಲಗೊಂಡಾಗ ಜಠರದ ಆಮ್ಲ ಮೇಲೇರಿ ಅನ್ನನಾಳವನ್ನು ಸುಡುತ್ತದೆ. ಇದೇ ಎದೆಯುರಿ. ಅತಿಭೋಜನ, ಕೊಬ್ಬಿನ ಆಹಾರ, ಸೊಂಟದ ಸುತ್ತಲಿನ ಬೊಜ್ಜು, ತಂಬಾಕು, ಉಂಡೊಡನೆ ಮಲಗುವ ಅಭ್ಯಾಸ ಇವು ಈ ವ್ಯಾಧಿಯ ಪ್ರಮುಖ ಕಾರಣಗಳು. ಕೊಬ್ಬು ಹೆಚ್ಚಿದಷ್ಟೂ ಜಠರ ಬರಿದಾಗುವುದು ತಡವಾಗುತ್ತದೆ; ಮಲಗಿದಾಗ ಆಮ್ಲವನ್ನು ಕೆಳಗಿಡಲು ಭೂಮಿಯ ಆಕರ್ಷಣೆಯ ನೆರವೂ ಇರುವುದಿಲ್ಲ. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ಕನಿಷ್ಠ ಎರಡು ಮೂರು ಗಂಟೆಗಳ ಅಂತರವಿರಲಿ ಎಂದು ಇಂದಿನ ವೈದ್ಯರು ಬರೆದುಕೊಡುವ ಸಲಹೆಯನ್ನು ಸೂರ್ಯಾಸ್ತದ ಮುಂಚೆ ಉಣ್ಣುವವನು ಓದುವ ಅಗತ್ಯವೇ ಇಲ್ಲ.

ಆದರೆ ವಿವಾಹದ ಆರತಕ್ಷತೆಗಳನ್ನು ನೋಡಬೇಕು. ಆಮಂತ್ರಣ ಪತ್ರಿಕೆಯ ತಲೆಯ ಮೇಲೆ ಜಿನಸ್ಮರಣೆ. ಅದರ ಕೆಳಗೆ ಭೋಜನದ ವೇಳೆ ರಾತ್ರಿ ಎಂಟು ಗಂಟೆ. ವ್ರತನಿಷ್ಠರಾದ ಕೆಲವು ಹಿರಿಯರಿಗೆಂದು ಸಂಜೆ ಐದೂವರೆಗೆ ಒಂದು ಮೂಲೆಯಲ್ಲಿ ಎಲೆ ಹಾಕಲಾಗುತ್ತದೆ. ಅವರು ಒಂಟಿಯಾಗಿ ಉಂಡು ಏಳುತ್ತಾರೆ. ಉಳಿದ ಸಮಾಜವು ಹತ್ತು ಗಂಟೆಗೆ ಬಾಸುಂದಿ ಸವಿದು, ಹನ್ನೊಂದಕ್ಕೆ ಮಲಗಿ, ನಡುರಾತ್ರಿ ಎದೆ ಹಿಡಿದು ಕೂರುತ್ತದೆ. ವ್ರತವನ್ನು ಮುರಿದದ್ದಕ್ಕೆ ಧರ್ಮವು ಏನು ಫಲ ಹೇಳುತ್ತದೆಯೋ ಅದು ಪರಲೋಕದ ಮಾತು. ಅನ್ನನಾಳವು ತನ್ನ ಫಲವನ್ನು ಅದೇ ರಾತ್ರಿ ಹೇಳುತ್ತದೆ.

ನಾರಿಲ್ಲದ ಹಬ್ಬದೂಟ

ಮಲಬದ್ಧತೆಯು ನಗೆಯಾಟಕ್ಕೆ ವಸ್ತುವಾಗುವ, ಆದರೆ ಅನುಭವಿಸುವವರು ಬಾಯಿಬಿಟ್ಟು ಹೇಳಲು ನಾಚುವ ವ್ಯಾಧಿ. ನಾರಿನಂಶದ ಕೊರತೆ, ನೀರಿನ ಕೊರತೆ, ನಡಿಗೆಯ ಕೊರತೆ, ಒತ್ತಡ ಬಂದಾಗ ತಡೆಯುವ ಅಭ್ಯಾಸ ಇವು ಅದರ ಸಾಮಾನ್ಯ ಕಾರಣಗಳು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮಧುಮೇಹ, ಕಬ್ಬಿಣದ ಮಾತ್ರೆಗಳೂ ಕಾರಣವಾಗಬಲ್ಲವು. ತಿಣುಕುವುದು ಮುಂದುವರಿದಂತೆ ಮೂಲವ್ಯಾಧಿ, ಗುದದ ಬಿರುಕು ಹಿಂಬಾಲಿಸುತ್ತವೆ.

ಆಫ್ರಿಕಾದಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರು 1970ರ ದಶಕದಲ್ಲಿ ನಾರಿನ ಮಹತ್ತ್ವವನ್ನು ಜಗತ್ತಿಗೆ ಸಾರಿದರು. ನಾರು ತುಂಬಿದ ಒರಟು ಆಹಾರ ಉಣ್ಣುವ ಗ್ರಾಮೀಣ ಜನರಲ್ಲಿ ಮಲಬದ್ಧತೆ ಮತ್ತು ಅದರ ಸಂಗಾತಿ ರೋಗಗಳು ಅಪರೂಪವೆಂಬುದು ಅವರ ಅವಲೋಕನ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಮಾರ್ಗದರ್ಶನದಂತೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ ಮತ್ತು ಹಣ್ಣು ಬೇಕು. ಆಲೂಗಡ್ಡೆಯಂಥ ಪಿಷ್ಟಭರಿತ ಗಡ್ಡೆಗಳು ಈ 400 ಗ್ರಾಂ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಕಂದಮೂಲ ಬಿಟ್ಟವನಿಗೆ ನಾರು ದೊರೆಯದೆಂಬ ನೆಪಕ್ಕೆ ಎಡೆಯಿಲ್ಲ.

ಅಡುಗೆಮನೆಯ ಧಾನ್ಯಗಳನ್ನು ತೂಗಿ ನೋಡಿದರೆ ಸತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ, ನೂರು ಗ್ರಾಂ ಇಡಿಗೋಧಿಯ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ. ಜೋಳದಲ್ಲಿ ಸುಮಾರು 10 ಗ್ರಾಂ. ಇಡೀ ಹೆಸರುಕಾಳಿನಲ್ಲಿ 15 ಗ್ರಾಂಗೂ ಅಧಿಕ. ಮೈದಾದಲ್ಲಿ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ. ಬೆಳಗಾವಿ ಸೀಮೆಯ ಶ್ರಾವಕ ರೈತನ ಜೋಳದ ರೊಟ್ಟಿ, ಹಳೆಯ ಮೈಸೂರಿನ ರಾಗಿಮುದ್ದೆ ಬಡತನದ ಆಹಾರವೆಂದು ಹಬ್ಬದ ಪಂಕ್ತಿಯಿಂದ ಹೊರಬಿದ್ದವು. ಅವುಗಳ ಜಾಗಕ್ಕೆ ಮೈದಾದ ಪೂರಿ, ಮೈದಾದ ಜಿಲೇಬಿ, ಮೈದಾದ ಚಿರೋಟಿ ಬಂದವು. ಹೊರಬಿದ್ದದ್ದರಲ್ಲಿ ನಿಷಿದ್ಧವಾದುದೇನೂ ಇರಲಿಲ್ಲ.

ಇದಕ್ಕಿಂತ ವಿಚಿತ್ರವಾದುದು ಪರ್ವದಿನಗಳ ಆಚರಣೆ. ಅಷ್ಟಮಿ, ಚತುರ್ದಶಿಗಳಂದು ಅನೇಕರು ಹಸಿರು ತರಕಾರಿಯನ್ನು ತ್ಯಜಿಸುತ್ತಾರೆ. ತ್ಯಾಗದ ಉದ್ದೇಶ ಜೀವದಯೆ ಮತ್ತು ಇಂದ್ರಿಯಜಯ. ಆದರೆ ಹಸಿರು ಬಿಟ್ಟ ತಟ್ಟೆಗೆ ಏರುವುದು ಏನು? ಹಪ್ಪಳ, ಸಂಡಿಗೆ, ಭಜಿ, ಕರಿದ ಸೇವು, ಉಪ್ಪಿನಕಾಯಿ. ನಾಲಗೆಯನ್ನು ಗೆಲ್ಲಲೆಂದು ಮೀಸಲಾದ ದಿನವೇ ನಾಲಗೆಯ ಉತ್ಸವವಾಗುತ್ತದೆ. ಹಸಿರನ್ನು ಬಿಟ್ಟ ದಿನ ಇಡೀ ಕಾಳು, ತೌಡು ಕಳೆಯದ ಧಾನ್ಯ, ಸಾಕಷ್ಟು ನೀರು ಇದ್ದರೆ ವ್ರತಕ್ಕೂ ಭಂಗವಿಲ್ಲ, ಕರುಳಿಗೂ ಕಷ್ಟವಿಲ್ಲ. ಹಸಿರನ್ನು ಬಿಟ್ಟು ಎಣ್ಣೆಯನ್ನು ಕುಡಿದರೆ ಅದು ತ್ಯಾಗವಲ್ಲ, ವಿನಿಮಯ.

ಯಕೃತ್ತಿನ ಕೊಬ್ಬಿನ ಕಥೆಯೂ ಇದೇ. ಯಕೃತ್ತು ಕೆಡುವುದು ಕುಡುಕರಿಗೆ ಮಾತ್ರ ಎಂಬ ನಂಬಿಕೆಯಲ್ಲಿ ಸಮಾಜವು ನಿಶ್ಚಿಂತೆಯಿಂದಿದೆ. ಒಂದು ಹನಿ ಮದ್ಯವನ್ನೂ ಮುಟ್ಟದವನ ಯಕೃತ್ತಿನಲ್ಲಿ ಸಕ್ಕರೆ, ಬೆಳ್ಳಗಿನ ಹಿಟ್ಟು, ತುಪ್ಪ, ಆಲಸ್ಯಗಳು ಸೇರಿ ಕೊಬ್ಬನ್ನು ಶೇಖರಿಸಬಲ್ಲವು. ಬೊಜ್ಜು ಮತ್ತು ಮಧುಮೇಹ ಅದಕ್ಕೆ ಗೊಬ್ಬರ. ಕೆಲವರಲ್ಲಿ ಅದು ಮುಂದುವರಿದು ಯಕೃತ್ತನ್ನು ಗಟ್ಟಿಯಾಗಿಸಿ ನಿಷ್ಕ್ರಿಯಗೊಳಿಸುತ್ತದೆ. ಭಾರತ ಸರ್ಕಾರವು 2021ರಲ್ಲಿ ಈ ವ್ಯಾಧಿಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. ಮದ್ಯತ್ಯಾಗಿಗೆ ಯಕೃತ್ತಿನ ಅಭಯ ತಾನಾಗಿ ಬರುವುದಿಲ್ಲ.

ಉಪವಾಸವೂ ಪಾರಣೆಯೂ

ಉಪವಾಸವನ್ನು ನಿಂದಿಸುವುದು ಇಲ್ಲಿಯ ಉದ್ದೇಶವಲ್ಲ. ಶಕ್ತಿಯನ್ನು ಅರಿತು ತಪವನ್ನು ಕೈಗೊಳ್ಳಬೇಕೆಂಬುದೇ ಜಿನಧರ್ಮದ ನಿಲುವು. ಶಕ್ತಿತಸ್ತಪವೆಂಬುದು ಷೋಡಶ ಭಾವನೆಗಳಲ್ಲಿ ಒಂದು. ಆದರೆ ಶಕ್ತಿಯನ್ನು ಅಳೆಯುವ ಗೋಜಿಗೆ ಹೋಗುವವರು ಎಷ್ಟು ಜನ? ನೆರೆಮನೆಯವರು ಎಂಟು ಮಾಡಿದರೆಂದು ಈ ಮನೆಯವರು ಎಂಟು ಮಾಡುವ ಪೈಪೋಟಿಯಲ್ಲಿ ಶಕ್ತಿಯ ಮಾತು ಯಾರಿಗೂ ನೆನಪಾಗುವುದಿಲ್ಲ.

ಊಟದ ಕೊಬ್ಬು ಸಣ್ಣಕರುಳಿಗೆ ಇಳಿದಾಗ ಪಿತ್ತಕೋಶವು ಸಂಕುಚಿಸಿ ಪಿತ್ತರಸವನ್ನು ಹೊರಹಾಕುತ್ತದೆ. ದಿನಗಟ್ಟಲೆ ಆಹಾರವಿಲ್ಲದಾಗ ಪಿತ್ತರಸ ಅಲ್ಲಿಯೇ ನಿಂತು ಮಂದವಾಗುತ್ತದೆ. ದೀರ್ಘ ಉಪವಾಸ ಮತ್ತು ಶೀಘ್ರವಾಗಿ ತೂಕ ಇಳಿಯುವುದು ಪಿತ್ತಕೋಶದ ಕಲ್ಲಿಗೆ ಕಾರಣಗಳಲ್ಲಿ ಸೇರಿರುವುದು ಇದರಿಂದಲೇ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ಕಲ್ಲುಗಳು ಹೆಚ್ಚು. ಬೊಜ್ಜು, ಮಧುಮೇಹ, ವಯಸ್ಸು, ಹಲವು ಹೆರಿಗೆಗಳು ಅಪಾಯವನ್ನು ಬೆಳೆಸುತ್ತವೆ. ದೀರ್ಘ ಉಪವಾಸಗಳನ್ನು ಅಧಿಕವಾಗಿ ಆಚರಿಸುವವರು ಶ್ರಾವಿಕೆಯರೇ ಎಂಬುದನ್ನು ಇದರೊಡನೆ ಇಟ್ಟು ಯೋಚಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ಸೇವಿಸುವ ಮಧುಮೇಹಿ ವೈದ್ಯರನ್ನು ಕೇಳದೆ ನಿರಾಹಾರನಾದರೆ ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಅದು ತಪಸ್ಸಲ್ಲ, ಅವಿವೇಕ.

ಉಪವಾಸಕ್ಕಿಂತ ಅಪಾಯಕಾರಿಯಾದುದು ಕೆಲವೊಮ್ಮೆ ಪಾರಣೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಗೊಂಡ ಹಸಿದವರಿಗೆ ಕರುಣೆಯಿಂದ ಹೇರಳವಾಗಿ ಉಣಬಡಿಸಿದಾಗ ಕೆಲವರು ಉಂಡ ನಂತರವೇ ಅಸುನೀಗಿದರು. ಕಾರಣವನ್ನು ವೈದ್ಯಶಾಸ್ತ್ರವು ಇಂದು ಬಲ್ಲದು. ಐದಕ್ಕಿಂತ ಹೆಚ್ಚು ದಿನ ಆಹಾರವಿಲ್ಲದ ದೇಹಕ್ಕೆ ಒಮ್ಮೆಲೇ ಸಿಹಿ ಮತ್ತು ಪಿಷ್ಟ ಸುರಿದರೆ ಇನ್ಸುಲಿನ್ ಏರಿ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂಗಳು ಜೀವಕೋಶಗಳ ಒಳಗೆ ಸೆಳೆಯಲ್ಪಡುತ್ತವೆ; ಹೃದಯದ ಲಯವೇ ತಪ್ಪಬಹುದು. ಹೆಸರುಬೇಳೆಯ ತಿಳಿಯಿಂದ, ತೆಳುವಾದ ಗಂಜಿಯಿಂದ ಪಾರಣೆಯನ್ನು ಆರಂಭಿಸುತ್ತಿದ್ದ ಹಿರಿಯರಿಗೆ ಈ ಲವಣಗಳ ಹೆಸರು ಗೊತ್ತಿರಲಿಲ್ಲ, ದೇಹದ ಮರ್ಯಾದೆ ಗೊತ್ತಿತ್ತು. ಇಂದು ಪಾರಣೆಯೇ ಒಂದು ಸಮಾರಂಭ. ಬಂಧುಗಳೆಲ್ಲ ಸರದಿಯಲ್ಲಿ ಬಂದು ತಪಸ್ವಿಯ ಬಾಯಿಗೆ ಒಂದೊಂದು ಸಿಹಿಯನ್ನು ಇಡುತ್ತಾರೆ. ಪ್ರೀತಿಯ ಈ ತುತ್ತುಗಳು ಒಟ್ಟುಗೂಡಿ ಎಂಟು ದಿನ ಬರಿದಾಗಿದ್ದ ಒಡಲಿಗೆ ಎಷ್ಟಾದವೆಂದು ಲೆಕ್ಕವಿಡುವವರಿಲ್ಲ.

ಮಾತ್ರೆಯ ಆಸರೆ

ಜಠರದ ಹುಣ್ಣು ಖಾರದಿಂದ, ಚಿಂತೆಯಿಂದ ಬರುತ್ತದೆಂದು ಜನ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು 1982ರಲ್ಲಿ ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಹುಣ್ಣಿಗೆ ಅದೇ ಪ್ರಮುಖ ಕಾರಣವೆಂದು ಸಿದ್ಧವಾಗಿ ಅವರಿಬ್ಬರಿಗೆ 2005ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. ಇನ್ನೊಂದು ಪ್ರಮುಖ ಕಾರಣ ಮೊಣಕಾಲು ನೋವಿಗೆ, ತಲೆನೋವಿಗೆ ಅಂಗಡಿಯಿಂದ ತಂದು ನುಂಗುವ ನೋವುನಿವಾರಕ ಮಾತ್ರೆಗಳು. ಈ ಬ್ಯಾಕ್ಟೀರಿಯಾವನ್ನು ಪರೀಕ್ಷೆಯಿಂದ ಪತ್ತೆಹಚ್ಚಬಹುದು, ಸರಿಯಾದ ಔಷಧಗಳಿಂದ ನಿರ್ಮೂಲನ ಮಾಡಬಹುದು. ಅದನ್ನು ಮಾಡದೆ ಆಮ್ಲದ ಮಾತ್ರೆಯನ್ನೇ ವರ್ಷಗಟ್ಟಲೆ ನುಂಗುವುದು ಸೋರುವ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕುಳಿತಂತೆ.

ಸಸ್ಯಾಹಾರಿಗಳಿಗೆ ಇದರಲ್ಲಿ ಇನ್ನೊಂದು ಕೇಡಿದೆ. ಬಿ12 ಜೀವಸತ್ವವು ಸಸ್ಯಾಹಾರದಲ್ಲಿ ಇಲ್ಲ. ಹಾಲು ಮೊಸರುಗಳಿಂದ ಸ್ವಲ್ಪ ದೊರೆಯುತ್ತದೆ. ಆಹಾರದಿಂದ ಅದು ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಆಮ್ಲವನ್ನು ತಡೆಯುವ ಮಾತ್ರೆಗಳ ದೀರ್ಘಸೇವನೆಯಿಂದ ಆ ಅಲ್ಪವೂ ಸರಿಯಾಗಿ ಹೀರಲ್ಪಡುವುದಿಲ್ಲ. ರಕ್ತಹೀನತೆ, ಕಾಲುಗಳ ಜೋಮು, ಮರೆವು ಇದರ ಪರಿಣಾಮಗಳು. ವೈದ್ಯರು ನಿಶ್ಚಿತ ಕಾರಣಕ್ಕಾಗಿ ವಿಧಿಸಿದ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಯಾರೂ ವಿಧಿಸದ ಮಾತ್ರೆಯನ್ನು ವರ್ಷಗಟ್ಟಲೆ ಮುಂದುವರಿಸಲೂಬಾರದು.

ಕೆಲವು ಲಕ್ಷಣಗಳಿಗೆ ಮಾತ್ರೆಯೂ ಉತ್ತರವಲ್ಲ, ವ್ರತವೂ ಉತ್ತರವಲ್ಲ. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ನುಂಗಲು ಅಡಚಣೆ, ಕಾರಣವಿಲ್ಲದೆ ಇಳಿಯುವ ತೂಕ, ನಿಲ್ಲದ ವಾಂತಿ, ಕಾಮಾಲೆ, ರಕ್ತಹೀನತೆ, ನಡುವಯಸ್ಸಿನ ನಂತರ ಮಲವಿಸರ್ಜನೆಯ ಕ್ರಮದಲ್ಲಿ ಹೊಸದಾಗಿ ಕಂಡ ಬದಲಾವಣೆ - ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮೂಲವ್ಯಾಧಿಯೆಂದು ನಾಚಿ ಮುಚ್ಚಿಟ್ಟದ್ದು ದೊಡ್ಡಕರುಳಿನ ಕ್ಯಾನ್ಸರ್ ಆಗಿರಬಹುದು. ಆಯಂಬಿಲ ಮಾಡಿದರೆ ಕಳೆಯುತ್ತದೆ, ನಾಲ್ಕು ಏಕಾಶನ ಮಾಡಿದರೆ ಹೋಗುತ್ತದೆ ಎಂದು ಕಾಯಿಸುವವರು ಧರ್ಮಕ್ಕೆ ಅಪಚಾರ ಮಾಡುತ್ತಾರೆ. ಒಂಬತ್ತನೆಯ ಶತಮಾನದ ಜೈನಾಚಾರ್ಯ ಉಗ್ರಾದಿತ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನೇ ರಚಿಸಿ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನು ನಿರೂಪಿಸಿದರು. ರೋಗಕ್ಕೆ ಚಿಕಿತ್ಸೆ ಬೇಡವೆಂದು ಆಚಾರ್ಯರು ಹೇಳಿದ್ದರೆ ಆ ಗ್ರಂಥ ಹುಟ್ಟುತ್ತಲೇ ಇರಲಿಲ್ಲ.

ತಾಂಬೂಲದ ತಟ್ಟೆ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪ್ರಥಮ ವರ್ಗಕ್ಕೆ ಸೇರಿಸಿತು. ದಿನಕ್ಕೆ 50 ಗ್ರಾಂ ಸೇವಿಸಿದರೆ ದೊಡ್ಡಕರುಳಿನ ಕ್ಯಾನ್ಸರ್ ಸಂಭವ ಸುಮಾರು ಶೇಕಡಾ 18ರಷ್ಟು ಏರುತ್ತದೆಂದು ಅದು ಲೆಕ್ಕಹಾಕಿತು. ಇದನ್ನು ವೇದಿಕೆಯ ಮೇಲೆ ಉದ್ಧರಿಸುವ ಭಾಷಣಕಾರರಿಗೆ ಕೊರತೆಯಿಲ್ಲ. ಆದರೆ ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಅದೇ ಪ್ರಥಮ ವರ್ಗದಲ್ಲಿ ಇರಿಸಿದೆ. ಹೊಗೆಸೊಪ್ಪು ಬೆರೆತ ಎಲೆಯಡಿಕೆಯು ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಜೀರ್ಣಮಾರ್ಗ ಆರಂಭವಾಗುವುದು ಬಾಯಿಯಿಂದಲೇ. ಭಾಷಣ ಮುಗಿದ ನಂತರ ಕೈಯಿಂದ ಕೈಗೆ ಸಾಗುವ ಅಡಿಕೆಯ ತಟ್ಟೆಗೆ ಆ ಭಾಷಣಕಾರರೂ ಕೈ ಚಾಚುತ್ತಾರೆ. ಪರರ ತಟ್ಟೆಗೆ ಅನ್ವಯಿಸಿದ ವಿಜ್ಞಾನವನ್ನು ತಮ್ಮ ತಟ್ಟೆಗೆ ಅನ್ವಯಿಸದವರ ಮಾತಿಗೆ ಪ್ರಾಮಾಣ್ಯವೆಲ್ಲಿಯದು?

ಹುಸಿವಿಜ್ಞಾನದ ಊರುಗೋಲು

ಜೈನಾಹಾರವು ಎಲ್ಲ ರೋಗಗಳನ್ನೂ ಗುಣಪಡಿಸುತ್ತದೆಂದು ವಿಜ್ಞಾನ ಒಪ್ಪಿದೆ ಎನ್ನುವ ಕರಪತ್ರಗಳು ಬಸದಿಗಳಲ್ಲಿ ಹಂಚಲ್ಪಡುತ್ತವೆ. ಇಂಥ ಊರುಗೋಲು ವ್ರತಕ್ಕೆ ಬೇಕಿಲ್ಲ. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಡುವುದರ ಆಧಾರ ಅನಂತಕಾಯ ಜೀವಗಳ ಮೇಲಿನ ದಯೆ. ಕರುಳಿನ ಕಿರಿಕಿರಿಯುಳ್ಳ ಕೆಲವರಿಗೆ ಇವೆರಡನ್ನೂ ಬಿಟ್ಟರೆ ಉಬ್ಬರ ತಗ್ಗುವುದು ನಿಜ. ಅವುಗಳಲ್ಲಿರುವ ಕೆಲವು ಶರ್ಕರಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿನಲ್ಲಿ ಹುದುಗುತ್ತವೆ. ಆದರೆ ಅಂಥವೇ ಶರ್ಕರಗಳು ಗೋಧಿಯಲ್ಲಿವೆ, ಕಡಲೆಯಲ್ಲಿವೆ. ಹಾಲಿನ ಲ್ಯಾಕ್ಟೋಸ್ ಅನೇಕ ವಯಸ್ಕರಿಗೆ ಒಗ್ಗುವುದಿಲ್ಲ. ಯಾರಿಗೆ ಯಾವುದು ಒಗ್ಗದೆಂಬುದನ್ನು ಅವರವರ ಒಡಲು ಹೇಳಬೇಕೇ ಹೊರತು ಕರಪತ್ರವಲ್ಲ.

ವಿಜ್ಞಾನವು ನಿಜವಾಗಿ ಮೆಚ್ಚಿದ ಕಡೆಯಲ್ಲಿಯೂ ಅದರ ಮಾತನ್ನು ಪೂರ್ತಿಯಾಗಿ ಕೇಳಬೇಕು. ಬಾಂಗ್ಲಾದೇಶದ ಮತ್‌ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಸೂಕ್ಷ್ಮ ಜಲಜೀವಿಗಳನ್ನು ಬಟ್ಟೆ ತಡೆಯುವುದೇ ಇದಕ್ಕೆ ಕಾರಣ. ಜೀವದಯೆಗಾಗಿ ಬಟ್ಟೆ ಹಿಡಿದ ಸಮಾಜಕ್ಕೆ ಇದು ಸಂತೋಷದ ಸಂಗತಿ. ಆದರೆ ಅರ್ಧ ಇಳಿಯಿತೆಂದರೆ ಅರ್ಧ ಉಳಿಯಿತು. ಉಳಿದದ್ದನ್ನು ಕಳೆಯುವುದು ಕುದಿಸುವಿಕೆ. ಸೋಸಿ ಕಾಯಿಸಿದ ನೀರಿನ ಸಂಪ್ರದಾಯವನ್ನು ಅರ್ಧಕ್ಕೆ ನಿಲ್ಲಿಸಿ, ನಲ್ಲಿಗೆ ಬಟ್ಟೆ ಕಟ್ಟಿದರೆ ಸಾಕೆಂದು ತಿಳಿಯುವ ಭೋಜನಶಾಲೆಗಳು ಇದನ್ನು ಗಮನಿಸಬೇಕು.

ಆಡಳಿತ ಮಂಡಳಿಗಳ ಹೊಣೆ

ಮನೆಯ ಅಡುಗೆ ಮನೆಯವರ ಇಷ್ಟ. ಆದರೆ ಬಸದಿಯ ಪಂಕ್ತಿ ಸಮಾಜದ ಪಾಠಶಾಲೆ. ಪಂಚಕಲ್ಯಾಣ, ವಾರ್ಷಿಕೋತ್ಸವ, ದಶಲಕ್ಷಣ ಪರ್ವಗಳಲ್ಲಿ ಬಡಿಸಿದ್ದೇ ಸಮಾಜಕ್ಕೆ ಆದರ್ಶಾಹಾರವೆನಿಸುತ್ತದೆ. ಆದ್ದರಿಂದ ಆಡಳಿತ ಮಂಡಳಿಗಳ ಹೊಣೆ ದೊಡ್ಡದು.

ಇದಕ್ಕೆ ಬರುವ ಆಕ್ಷೇಪಗಳು ಪರಿಚಿತವೇ. ದಾನಿಗಳ ಇಚ್ಛೆಯನ್ನು ಮೀರುವುದು ಹೇಗೆ ಎಂಬುದು ಒಂದು. ದಾನಿಯು ನಿಷಿದ್ಧ ವಸ್ತುವನ್ನು ಬಡಿಸಲು ಬಯಸಿದರೆ ಮಂಡಳಿಯು ಒಡನೆಯೇ ತಡೆಯುತ್ತದೆ. ಹಾಗಾದರೆ ದಾನಿಯ ಇಚ್ಛೆಗೆ ಮೇರೆಯುಂಟೆಂದು ಮಂಡಳಿಯೇ ಒಪ್ಪಿದಂತಾಯಿತು. ಐದು ಸಿಹಿಯ ಬದಲು ಒಂದು ಸಿಹಿ ಬಡಿಸಿ ಉಳಿದ ಹಣವನ್ನು ಔಷಧದಾನಕ್ಕೆ ನೀಡಿರೆಂದರೆ ಪುಣ್ಯಕ್ಕೆ ನಷ್ಟವಿಲ್ಲ. ಸಾಧರ್ಮಿಕ ವಾತ್ಸಲ್ಯದಲ್ಲಿ ಕೈ ಬಿಗಿಹಿಡಿದರೆ ಅಗೌರವವಲ್ಲವೇ ಎಂಬುದು ಇನ್ನೊಂದು. ಬೇಡವೆಂದರೂ ಬಿಡದೆ ಎಲೆಗೆ ಸುರಿಯುವುದು ವಾತ್ಸಲ್ಯವಲ್ಲ. ಉಂಡವನ ಹೊಟ್ಟೆಗೂ ಭಾರ, ಉಳಿದ ಅನ್ನದಲ್ಲಿ ಹುಟ್ಟಿ ಸಾಯುವ ಜೀವರಾಶಿಗೂ ಹಿಂಸೆ. ವರ್ಷಕ್ಕೊಮ್ಮೆ ಸಿಹಿಯೂಟ ಕಾಣುವ ಬಡವನ ಸಂತೋಷವನ್ನು ಕಸಿಯಬಾರದೆಂಬ ಮೂರನೆಯ ಆಕ್ಷೇಪವು ಗೌರವಾರ್ಹ. ಅವನಿಗಾಗಿ ಒಂದು ಒಳ್ಳೆಯ ಸಿಹಿ ಇರಲಿ. ಆದರೆ ತಿಂಗಳಿಗೆ ನಾಲ್ಕು ಸಮಾರಂಭಗಳಲ್ಲಿ ಉಣ್ಣುವವರು ಆ ಬಡವನ ಹೆಸರಿನಲ್ಲಿ ತಮ್ಮ ಎಲೆಯನ್ನು ತುಂಬಿಸಿಕೊಳ್ಳುವುದು ಬೇಡ.

ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ಪಂಕ್ತಿಯಲ್ಲಿ ಒಂದು ಸಿಹಿ, ಒಂದು ಕರಿದದ್ದು ಎಂಬ ಮೇರೆ ಇರಲಿ. ಹೀರೆ, ಸೋರೆ, ಪಡವಲ, ತೊಂಡೆ, ಬೆಂಡೆಗಳ ಎರಡು ಪಲ್ಯ, ಹೆಸರುಬೇಳೆ ಸೌತೆಕಾಯಿಗಳ ಕೋಸಂಬರಿ, ಒಂದು ಹಣ್ಣು ಸೇರಲಿ. ಮೈದಾದ ಪೂರಿಯ ಜಾಗಕ್ಕೆ ಜೋಳ ರಾಗಿಗಳ ರೊಟ್ಟಿ, ಇಡಿಗೋಧಿಯ ಚಪಾತಿ ಮರಳಲಿ. ಒಮ್ಮೆ ಕರಿದ ಎಣ್ಣೆ ಮರುದಿನದ ಬಾಣಲೆಗೆ ಇಳಿಯದಿರಲಿ. ಸೋಸಿ, ಕುದಿಸಿ, ಆರಿಸಿದ ನೀರು ಪ್ರತಿಯೊಂದು ಎಲೆಗೂ ದೊರೆಯಲಿ. ತಾಂಬೂಲದ ತಟ್ಟೆಯಿಂದ ಅಡಿಕೆ ತೊಲಗಲಿ. ಸಮಾಜದ ಕಲ್ಯಾಣಮಂಟಪಗಳಲ್ಲಿ ಸೂರ್ಯಾಸ್ತದ ನಂತರ ಅಡುಗೆಮನೆಗೆ ಬೀಗ ಬೀಳಲಿ. ಬಾಡಿಗೆಯ ಕರಾರಿನಲ್ಲಿಯೇ ಈ ನಿಬಂಧನೆ ಇರಲಿ. ದೀರ್ಘ ಉಪವಾಸ ಕೈಗೊಳ್ಳುವವರಿಗೆ ಮುಂಚಿತವಾಗಿ ವೈದ್ಯಪರೀಕ್ಷೆಯ ಏರ್ಪಾಡು, ಉಪವಾಸದ ನಂತರ ಹಿತಮಿತವಾದ ಪಾರಣೆಯ ಏರ್ಪಾಡು ಬಸದಿಯ ವತಿಯಿಂದಲೇ ಆಗಲಿ.

ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತು, ಅಂಗೈಯನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾರೆ. ಅವರಿಗೆ ಆಹಾರ ನೀಡುವ ಶ್ರಾವಕನು ಧಾನ್ಯವನ್ನು ಆರಿಸುವಲ್ಲಿ, ನೀರನ್ನು ಕಾಯಿಸುವಲ್ಲಿ, ವೇಳೆಯನ್ನು ಪಾಲಿಸುವಲ್ಲಿ ಎಷ್ಟು ಎಚ್ಚರ ವಹಿಸುತ್ತಾನೆ! ಅರ್ಧ ಗಂಟೆಯ ನಂತರ ತನ್ನ ಎಲೆಯ ಮುಂದೆ ಕುಳಿತಾಗ ಆ ಎಚ್ಚರದ ಹತ್ತನೆಯ ಒಂದು ಪಾಲು ಉಳಿದಿದ್ದರೂ ಅನೇಕ ವ್ಯಾಧಿಗಳು ಬಾಗಿಲಲ್ಲಿಯೇ ನಿಲ್ಲುತ್ತಿದ್ದವು.

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂದು ದಾನ ನಾಲ್ಕು ಬಗೆ. ಬಸದಿಯ ಆವರಣದಲ್ಲಿ ಬೆಳಿಗ್ಗೆ ಆರೋಗ್ಯ ಶಿಬಿರ ನಡೆಸಿ, ಮಧ್ಯಾಹ್ನ ಅಲ್ಲಿಯೇ ಪೂರಿ, ಜಿಲೇಬಿ, ಭಜಿಗಳ ಭೋಜನ ಏರ್ಪಡಿಸುವ ಮಂಡಳಿಯು ಒಂದು ಕೈಯಿಂದ ಔಷಧದಾನವನ್ನೂ ಇನ್ನೊಂದು ಕೈಯಿಂದ ರೋಗದಾನವನ್ನೂ ಮಾಡುತ್ತಿದೆ. ಈ ಐದನೆಯ ದಾನವನ್ನು ಯಾವ ಆಚಾರ್ಯರೂ ವಿಧಿಸಿಲ್ಲ. ಬರಲಿರುವ ದಶಲಕ್ಷಣ ಪರ್ವದಲ್ಲಿ ಉಪವಾಸಿಗಳ ಮೆರವಣಿಗೆ ಎಂದಿನಂತೆ ಹೊರಡಲಿ. ಅದರ ಜೊತೆಗೆ ಪ್ರತಿಯೊಂದು ಬಸದಿಯ ಭೋಜನಶಾಲೆಯ ಬಾಗಿಲಲ್ಲಿ ಅವಮೌದರ್ಯವೆಂಬ ಒಂದು ಶಬ್ದವನ್ನು ಬರೆಯಿಸಿ, ಅದರಂತೆ ಬಡಿಸುವ ಧೈರ್ಯವನ್ನು ಧರ್ಮದರ್ಶಿಗಳು ತೋರಲಿ.